ಫೋಟೋಗೆಂದು ಬೆಳೆಸಿದ ಎದೆ

"ಮೂರು ತಿಂಗಳು! ಬರೀ ಮೂರೇ ತಿಂಗಳಿನ್ಯಾಗ ಈ ಎದೀನ ಎಷ್ಟು ಅಗಲ ಮಾಡ್ತೇನಿ ಅಂದ್ರ, ಬೀದರದಿಂದ ಬರೂ ಫೋಟೋಗ್ರಾಫರ ನನ್ನೊಬ್ಬನ್ನ ಹಿಡಸ್ಲಾಕ ಕ್ಯಾಮೆರಾ ಹೊತ್ತು ಹತ್ತ ಹೆಜ್ಜಿ ಹಿಂದ ಸರೀಬೇಕು!"

ಸಾವಿರದ ಒಂಬೈನೂರ ಐವತ್ತಮೂರನೆಯ ಇಸವಿಯ ಫೆಬ್ರವರಿಯಲ್ಲಿ, ಭಾಲ್ಕಿಯ ನನ್ನ ಮನೆಯ ಪಡಸಾಲೆಯ ನಟ್ಟನಡುವೆ ನಿಂತು, ಮೀಸೆಯ ಮೇಲೆ ಕೈಯಿಟ್ಟು, ನಾನು ಈ ಭೀಷಣ ಪ್ರತಿಜ್ಞೆ ಮಾಡಿದೆ. ಸಾಕ್ಷಿಗೆ ಇದ್ದವಳು ನನ್ನ ಹೆಂಡತಿ ಪುತಳಾಬಾಯಿ ಒಬ್ಬಳೇ. ಅವಳು ಮೊರದಲ್ಲಿ ತೊಗರಿಬೇಳೆ ಹರವಿಕೊಂಡು ಕಲ್ಲು ಆರಿಸುತ್ತಿದ್ದಳು. ತಲೆಯೆತ್ತದೆಯೇ ಹೇಳಿದಳು:

"ಹಿಂದ ಸರಿಯೂವಾಗ ಬೆನ್ನ ಹಿಂದ ಬಾವಿ ಅದೇನ ನೋಡ್ಕೋ ಅಂತ ಅವಂಗ ಹೇಳ್ರಿ. ಪಾಪ, ಮಂದಿ ಮಗಾ."

ಪ್ರತಿಜ್ಞೆಗೆ ಕಾರಣವಿತ್ತು. ನಾನು ದತ್ತಾತ್ರಿ, ಮೆಹಕರದ ಕುರಿ ಕಾಯುವ ಧೊಂಡಿಬಾನ ಮಗ. ನಮ್ಮ ಮನೆತನದಲ್ಲಿ ಕೋಲು ಬಿಟ್ಟು ಲೇಖನಿ ಹಿಡಿದ ಮೊದಲ ಮಹಾಪುರುಷ. ನಿಜಾಮನ ಕಾಲದಲ್ಲಿ ನಾಲ್ಕಕ್ಷರ ಉರ್ದು ಕಲಿತು ಭಾಲ್ಕಿಯ ತಹಸೀಲ ಕಚೇರಿಯಲ್ಲಿ ಅಹಲ್ಕಾರನಾಗಿ, ಎಂದರೆ ಗುಮಾಸ್ತನಾಗಿ, ಸೇರಿದ್ದೆ. ಪೊಲೀಸ್ ಕಾರ್ಯಾಚರಣೆಯಾಯಿತು, ನಿಜಾಮರ ಆಳ್ವಿಕೆ ಹೋಯಿತು, ಚುನಾವಣೆ ಬಂತು, ಕಾಗದಪತ್ರಗಳ ಭಾಷೆ ಕೂಡ ಬದಲಾಗತೊಡಗಿತು. ಬದಲಾಗದೆ ಉಳಿದದ್ದು ನನ್ನ ಕುರ್ಚಿ. ಹನ್ನೊಂದು ವರ್ಷದಲ್ಲಿ ನನ್ನ ಮೈಯಲ್ಲಿ ಅಲುಗಾಡುತ್ತಿದ್ದ ಅಂಗವೆಂದರೆ ಬಲಗೈ ಮಣಿಕಟ್ಟು. ದೌತಿಯಿಂದ ಕಾಗದಕ್ಕೆ, ಕಾಗದದಿಂದ ದೌತಿಗೆ. ಉಳಿದ ದೇಹವೆಲ್ಲ ಆ ಮಣಿಕಟ್ಟನ್ನು ಕಚೇರಿಗೆ ಹೊತ್ತೊಯ್ದು ತರಲು ಇಟ್ಟ ಆಳಿನಂತಿತ್ತು.

ಹಿಂದಿನ ವರ್ಷ ಚುನಾವಣೆಯ ಕೆಲಸ ಮುಗಿಸಿದ ಖುಷಿಗೆ ಕಚೇರಿಯವರೆಲ್ಲ ಗ್ರೂಪ್ ಫೋಟೋ ತೆಗೆಸಿಕೊಂಡಿದ್ದೆವು. ಫೋಟೋ ಬಂದ ದಿನ ನಮ್ಮ ಹಿರಿಯ ಗುಮಾಸ್ತರಾದ ಪೇಶ್ಕಾರ ಮುಜೀಬೋದ್ದೀನ ಸಾಹೇಬರು ಕನ್ನಡಕ ಏರಿಸಿ ಅದನ್ನು ಬಹಳ ಹೊತ್ತು ನೋಡಿದರು. ಬಾಯಲ್ಲಿದ್ದ ಪಾನನ್ನು ಈ ದವಡೆಯಿಂದ ಆ ದವಡೆಗೆ ಸಾಗಿಸಿದರು.

"ದತ್ತಾತ್ರಿ, ನಿನ್ನ ಶೇರವಾನಿ ಭಾಳ ಛಲೋ ಬಂದದ. ನೀ ಅವತ್ತ ರಜಾ ಇದ್ದಿ ಏನು?"

ಕಚೇರಿ ಗೊಳ್ಳೆಂದಿತು. ನಾನೂ ಇಣುಕಿದೆ. ನಿಜ! ಎರಡನೆಯ ಸಾಲಿನಲ್ಲಿ ಒಂದು ಶೇರವಾನಿ ಗೋಡೆಯ ಮೊಳೆಗೆ ನೇತುಹಾಕಿದಂತೆ ನಿಂತಿತ್ತು. ಅದರ ಕಾಲರಿನಿಂದ ಮೇಲೆ ಒಂದು ಮೀಸೆ ಇತ್ತು. ನಡುವೆ ಮನುಷ್ಯನಿರುವ ಕುರುಹು ಇರಲಿಲ್ಲ.

ಈಗ ಗಿರ್ದಾವರನ ಜಾಗ ಖಾಲಿಯಾಗಿತ್ತು. ಗಿರ್ದಾವರನೆಂದರೆ ಸಾಮಾನ್ಯನಲ್ಲ, ಹತ್ತಾರು ಹಳ್ಳಿಗಳ ಹೊಲ, ಬದು, ಬೆಳೆ ಎಲ್ಲ ಕಣ್ಣಾರೆ ನೋಡಿ ಬರೆಯುವವನು. ನಮ್ಮ ತಹಸೀಲ್ದಾರ ಸಾಹೇಬರಿಗೆ ಮೇ ತಿಂಗಳಿನಲ್ಲಿ ವರ್ಗವಾಗಲಿತ್ತು. ಹೋಗುವ ಮುಂಚೆ ಅವರು ಯಾರ ಹೆಸರಿಗೆ ಶಿಫಾರಸು ಬರೆಯುತ್ತಾರೋ ಅವನಿಗೇ ಆ ಜಾಗ. ಬೀಳ್ಕೊಡುಗೆಗೆ ಮತ್ತೊಂದು ಗ್ರೂಪ್ ಫೋಟೋ ಆಗುವುದು, ಅದರ ಒಂದು ಪ್ರತಿ ಬೀದರದ ಕಲೆಕ್ಟರರಿಗೆ ಹೋಗುವುದು ಖಂಡಿತ. ಕಲೆಕ್ಟರರು ಫೋಟೋ ನೋಡಬೇಕು, ನನ್ನ ಎದೆ ಕಾಣಬೇಕು, "ಯಾರಯ್ಯಾ ಈ ಗಂಡುಗಲಿ? ಇವನೇ ಗಿರ್ದಾವರ!" ಎಂದು ಮೇಜು ಗುದ್ದಬೇಕು. ಅಷ್ಟೇ ನನ್ನ ಲೆಕ್ಕಾಚಾರ.

ಮೊದಲು ಊರ ತಾಲೀಮಿನ ಉಸ್ತಾದ ಹಾವಗೆಪ್ಪನ ಬಳಿ ಹೋದೆ. ಅರವತ್ತು ದಾಟಿದ ಪೈಲ್ವಾನ. ನನ್ನನ್ನು ಮೇಲಿಂದ ಕೆಳಗೆ ನೋಡಿ ಪಾಠ ಶುರುಮಾಡಿದ.

"ಮೊದಲ ಕೆಂಪ ಮಣ್ಣಾಗ ಉಳ್ಳಾಡು. ಆಮ್ಯಾಲ ಕಂಬ ಹತ್ತು. ಕಪ್ಪಿ ಹಂಗ ಜಿಗಿ, ಕರಡಿ ಹಂಗ ನಾಕ ಕಾಲ ಮ್ಯಾಲ ನಡಿ, ಬೆಕ್ಕಿನ ಹಂಗ ಬೀಳ್ಲಾಕ ಕಲಿ."

"ಉಸ್ತಾದ, ಇದೆಲ್ಲ ನನಗ ಬ್ಯಾಡ. ಫೋಟೋ ಸೊಂಟದ ಮ್ಯಾಲಿಂದ ತೆಗೀತಾರ. ಎದಿ, ಭುಜಾ, ರಟ್ಟಿ. ಇಷ್ಟ ಬೆಳದರ ಸಾಕು."

"ಸೊಂಟದ ಕೆಳಗ?"

"ಅದು ಫೋಟೋದಾಗ ಬರಂಗಿಲ್ಲ."

ಹಾವಗೆಪ್ಪ ಮೈಮೇಲಿನ ಮಣ್ಣು ಒರೆಸಿಕೊಳ್ಳುತ್ತ ಎದ್ದ. "ಅರ್ಧಾ ಮನಷ್ಯಾಗ ನಾ ಕಲಸಂಗಿಲ್ಲಪ. ಉಳದರ್ಧಾನೂ ಕರ್ಕೊಂಡ ಬಾ."

ಇಂಥ ಸಂಕುಚಿತ ಗುರು ಯಾರಿಗೆ ಬೇಕು? ಮನೆಯಲ್ಲೇ ನನ್ನ ಸ್ವಂತ ವ್ಯಾಯಾಮಶಾಲೆ ತೆರೆದೆ. ಗೋಡೆಗೆ ಕನ್ನಡಿ ತೂಗಿತು. ಬೆಳಿಗ್ಗೆ ನೂರು ದಂಡ, ಸಂಜೆ ನೂರು ದಂಡ. ಬೀಸುಕಲ್ಲಿನ ಮೇಲಿನ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಎದೆಯ ಮುಂದೆ ಎತ್ತಿ ಇಳಿಸುವುದು ಐವತ್ತು ಸಲ. ಕೊನೆಗೆ ಅತ್ಯಂತ ಮುಖ್ಯವಾದದ್ದು: ಕನ್ನಡಿಯ ಮುಂದೆ ನಿಂತು, ಉಸಿರೆಳೆದು, ಎದೆಯುಬ್ಬಿಸಿ, ನೂರು ಎಣಿಸುವ ತನಕ ಬಿಡದೆ ಹಿಡಿಯುವುದು. ಫೋಟೋಗ್ರಾಫರ ಕರಿಬಟ್ಟೆಯೊಳಗೆ ಎಷ್ಟು ಹೊತ್ತು ಹೊಕ್ಕಿರುತ್ತಾನೋ ಯಾರಿಗೆ ಗೊತ್ತು!

ಪುತಳಾಬಾಯಿಗೆ ಇದರ ಗಾಂಭೀರ್ಯ ಅರ್ಥವಾಗಲಿಲ್ಲ.

"ರೀ, ಹೆಂಗೂ ಕಸರತ್ತ ಮಾಡ್ಲಕತ್ತೀರಿ, ಬಾವ್ಯಾಗಿಂದು ಎರಡ ಕೊಡಾ ನೀರ ಸೇದ್ರಿ."

"ನೀರ ಸೇದಿದ್ರ ಬೆನ್ನು ಬೆಳೀತದ. ಬೆನ್ನು ಫೋಟೋದಾಗ ಬರಂಗಿಲ್ಲ."

"ಮಾಳಿಗಿ ಹತ್ತಿ ಮೆಣಸಿನಕಾಯಿ ಹರವಿ ಬರ್ರಿ."

"ತೊಡಿ ಬೆಳೀತಾವ. ತೊಡೀನೂ ಬರಂಗಿಲ್ಲ."

"ಹೊಟ್ಟಿ ಬರ್ತದೇನ ಫೋಟೋದಾಗ?"

"ಛೇ, ಮುಂದಿನ ಸಾಲಿನವರ ತಲಿ ಅಡ್ಡ ಬರ್ತದ."

"ಹಂಗಾದ್ರ ರಾತ್ರಿ ಊಟಾ ಬ್ಯಾಡ ಬಿಡ್ರಿ," ಎಂದು ಅವಳು ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು. ಆ ಸಂಜೆ ಎರಡು ಕೊಡ ನೀರು ಸೇದಿದೆ. ಅದನ್ನು ಸೋಲೆಂದು ನಾನು ಇಂದಿಗೂ ಒಪ್ಪುವುದಿಲ್ಲ, ತಾತ್ಕಾಲಿಕ ಒಪ್ಪಂದವೆನ್ನಬಹುದು.

ಅಂತೂ ಎದೆ ಬೆಳೆಯಿತು! ಏಪ್ರಿಲ್ ಕೊನೆಗೆ ಶೇರವಾನಿಯ ಗುಂಡಿಗಳು ಒಂದೊಂದಾಗಿ ರಾಜೀನಾಮೆ ಕೊಟ್ಟವು. ದರ್ಜಿ ಹೊಸ ಅಳತೆ ತೆಗೆದುಕೊಳ್ಳುವಾಗ ನಾನು ಉಸಿರು ಹಿಡಿದೇ ನಿಂತಿದ್ದೆ. ಆದರೆ ಇನ್ನೊಂದು ವಿಚಿತ್ರವೂ ಆಗಿತ್ತು. ಕೈಗಳು ಭುಜದಿಂದ ಮೇಲೆ ಏಳುವುದನ್ನು ನಿಲ್ಲಿಸಿದ್ದವು. ಬೆನ್ನು ತುರಿಸಿದರೆ ಬಾಗಿಲ ಚೌಕಟ್ಟಿಗೆ ಉಜ್ಜಿಕೊಳ್ಳಬೇಕು. ತಲೆಗೆ ರುಮಾಲು ಪುತಳಾಬಾಯಿಯೇ ಸುತ್ತಬೇಕು. ಕಚೇರಿಯಲ್ಲಿ ಲೇಖನಿ ಕೆಳಗೆ ಬಿದ್ದರೆ ಬಗ್ಗಲಾರದೆ ಕಾಲಿನಿಂದ ಅದನ್ನು ಪೇಶ್ಕಾರರ ಮೇಜಿನವರೆಗೆ ತಳ್ಳಿಕೊಂಡು ಹೋಗಿ, ಅವರೇ ಎತ್ತಿಕೊಡುವಂತೆ ಮುಖ ಮಾಡಿಕೊಂಡು ನಿಲ್ಲುತ್ತಿದ್ದೆ.

"ಏನೋ ದತ್ತಾತ್ರಿ," ಎನ್ನುತ್ತಿದ್ದರು ಅವರು ಬಗ್ಗುತ್ತ, "ನೀ ದಂಡ ಹೊಡೀತಿ, ದಂಡಾ ನಾ ಕಟ್ಲಕತ್ತೀನಿ."

ಮನೆಯಲ್ಲಿ ಪುತಳಾಬಾಯಿಯದೂ ಒಂದು ಮಾತು ತಯಾರಿತ್ತು: "ಹೆಸರು ನಂದು ಪುತಳಾ. ಗೊಂಬಿ ಆಗಿ ನಿಂತವರು ನೀವು!"

ಈಗ ಮೇ ತಿಂಗಳಿನ ಆ ಫೋಟೋದ ಭಾನುವಾರಕ್ಕೆ ಬರುತ್ತೇನೆ.

ನಾನೊಂದು ಮಹಾ ಚಾಣಾಕ್ಷತನ ಮಾಡಿದ್ದೆ. ಸಾಹೇಬರ ಬೀಳ್ಕೊಡುಗೆ ಊಟ ನಮ್ಮ ಮನೆಯಲ್ಲೇ ಎಂದೂ, ಫೋಟೋವನ್ನು ನಮ್ಮ ಅಂಗಳದ ಬೇವಿನ ಮರದ ಕೆಳಗೇ ತೆಗೆಯುವುದೆಂದೂ ಎಲ್ಲರನ್ನೂ ಒಪ್ಪಿಸಿದ್ದೆ. ಮನೆ ನನ್ನದಾದರೆ ಸಾಹೇಬರ ಪಕ್ಕದ ಜಾಗವೂ ನನ್ನದೇ! ಬೆಳಿಗ್ಗೆ ಎದ್ದು ಫೋಟೋದ ನಿಮಿತ್ತ ನೂರಕ್ಕೆ ಬದಲು ಇನ್ನೂರು ದಂಡ ಹೊಡೆದೆ. ಕೈಗಳು ಎರಡು ತೊಲೆಗಳಾದವು.

ಪುತಳಾಬಾಯಿ ಒಲೆಯ ಮುಂದಿದ್ದಳು. ಪುಂಡಿಪಲ್ಲೆ ಆಗಿತ್ತು, ಬದನೆಕಾಯಿ ಆಗಿತ್ತು, ಶೇಂಗಾಹಿಂಡಿ ಕುಟ್ಟಿಟ್ಟಿದ್ದಳು. ಆಗ ಪೇಶ್ಕಾರರಿಂದ ಸುದ್ದಿ ಬಂತು: ಊಟಕ್ಕೆ ಕಚೇರಿಯ ಇನ್ನೂ ನಾಲ್ವರು ಬರುತ್ತಾರೆ. ರೊಟ್ಟಿಗೆ ಹಿಟ್ಟು ಸಾಲದು. ಹಿಟ್ಟಿಗೆ ಜೋಳ ಬೇಕು. ಜೋಳ ಹಗೇವಿನಲ್ಲಿತ್ತು.

ಹಗೇವೆಂದರೆ ನೆಲದೊಳಗೆ ತೋಡಿದ ಜೋಳದ ಕಣಜ. ನಮ್ಮ ಅಂಗಳದಲ್ಲಿ ಹಿಂದಿನವರು ಮಾಡಿಸಿದ ಒಂದು ಇತ್ತು. ಹೊಟ್ಟೆ ದೊಡ್ಡದು, ಕಲ್ಲು ಕಟ್ಟಿದ ಬಾಯಿ ಮಾತ್ರ ಒಬ್ಬ ಮನುಷ್ಯ ತೂರುವಷ್ಟು. ವಾರದ ಹಿಂದೆ ಬಾಯಿ ತೆರೆದು, ಗಾಳಿ ಆಡಲು ಬಿಟ್ಟು, ದೀಪ ಇಳಿಸಿ ನೋಡಿ, ಬಹುಪಾಲು ಜೋಳವನ್ನು ಚೀಲಕ್ಕೆ ತುಂಬಿ ಮಾರಿಯಾಗಿತ್ತು. ತಳದಲ್ಲಿ ಮನೆಬಳಕೆಗೆಂದು ಒಂದಿಷ್ಟು ಗುಡ್ಡೆ ಉಳಿದಿತ್ತು. ಪುತಳಾಬಾಯಿ ದಿನಾ ಅದರೊಳಗೆ ಇಳಿದು ಹತ್ತುತ್ತಿದ್ದಳು; ಉಡದಂತೆ ಸರಸರ.

"ಬ್ಯಾಳಿ ಇಳಿಸಿ ನಾ ಇಳೀತೇನಿ, ಜರಾ ತಡೀರಿ," ಎಂದಳು.

"ಗಿರ್ದಾವರ ಆಗೂ ಮನಷ್ಯಾಗ ಒಂದು ಹಗೇವು ಇಳೀಲಾಕ ಬರಲ್ಲೇನು?"

"ಇಳೀಲಾಕ ಎಲ್ಲಾರಿಗೂ ಬರ್ತದ. ಹತ್ತಲಾಕ ತೊಡಿ ಬೇಕು," ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಬನಿಯನ್ನು ಮತ್ತು ಧೋತರದಲ್ಲಿ ಬಾಯಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟೆ. ಹೇಗೆ ಇಳಿದೆನೆಂದು ಕೇಳಬೇಡಿ. ಇಳಿಯಲಿಲ್ಲ, ಬಿದ್ದೆ. ಹೋಗುವಾಗ ಅಂಚು ನನ್ನ ಎರಡೂ ಭುಜಗಳ ಸಿಪ್ಪೆ ಸುಲಿಯಿತು. ಕೆಳಗೆ ಜೋಳದ ಗುಡ್ಡೆ ಇದ್ದದ್ದರಿಂದ ಗಿರ್ದಾವರ ಉಳಿದ. ಬುಟ್ಟಿ ತುಂಬಿದೆ, ಪುತಳಾಬಾಯಿ ಹಗ್ಗ ಬಿಟ್ಟು ಎಳೆದುಕೊಂಡಳು. ಇನ್ನು ನಾನು.

ಗೋಡೆಯಲ್ಲಿ ಕಾಲಿಡಲು ಗೂಡುಗಳಿದ್ದವು. ಮೂರು ತಿಂಗಳಿನಿಂದ ನಾನು ಮರೆತೇಬಿಟ್ಟಿದ್ದ ಕಾಲುಗಳು ಥರಥರ ನಡುಗುತ್ತ ನನ್ನನ್ನು ಹೇಗೋ ಮೇಲಕ್ಕೆ ತಂದವು. ತಲೆ ಹೊರಗೆ ಬಂತು. ಬಿಸಿಲು ಕಂಡಿತು. ಈಗ ಕೈ ಮೇಲೆತ್ತಿ ಅಂಚು ಹಿಡಿಯಬೇಕು. ಕೈ ಏಳಲಿಲ್ಲ! ಜೋರು ಮಾಡೋಣವೆಂದು ಅಭ್ಯಾಸಬಲದಿಂದ ದೊಡ್ಡದೊಂದು ಉಸಿರೆಳೆದೆ. ಎದೆ ಉಬ್ಬಿತು. ಹಗೇವಿನ ಬಾಯಿಗೆ ಬಿರಡೆ ಬಿದ್ದಂತೆ ಅಲ್ಲೇ ಕಚ್ಚಿಕೊಂಡೆ. ಮೇಲೂ ಇಲ್ಲ, ಕೆಳಗೂ ಇಲ್ಲ!

ಕೋಳಿಯೊಂದು ಬಂದು ನನ್ನ ಮುಖದ ಸಮಕ್ಕೆ ನಿಂತು, ಮೊದಲು ಒಂದು ಕಣ್ಣಿನಿಂದ, ಆಮೇಲೆ ಇನ್ನೊಂದು ಕಣ್ಣಿನಿಂದ ನನ್ನನ್ನು ಪರೀಕ್ಷಿಸಿತು.

"ಪುತಳಾ!"

"ಬಂದೆ ತಡೀರಿ. ಯಾಕ ಅಲ್ಲೇ ನಿಂತೀರಿ? ಹೊರಗ ಬರ್ರಿ."

"ಬರ್ಲಾಕ ಆಗವಲ್ದು!"

"ಕೆಳಗರೆ ಹೋಗ್ರಿ."

"ಅದೂ ಆಗವಲ್ದು!"

ಆ ಹೊತ್ತಿಗೆ ಪಕ್ಕದ ಮನೆಯ ಮುದುಕಿ ಇಮಾಮಬೀ ಮೊಸರಿನ ಗಡಿಗೆ ಹಿಡಿದು ಬಂದಳು. ನನ್ನನ್ನು ನೋಡಿ ಗಡಿಗೆ ಎದೆಗವಚಿಕೊಂಡು ಕೇಳಿದಳು: "ಯಾ ಅಲ್ಲಾ! ಪುತಳಾ, ನಿನ್ನ ಗಂಡನ ಉಳದದ್ದು ಎಲ್ಲದ?"

ಇಬ್ಬರೂ ಸೇರಿ ನನ್ನನ್ನು ಕಿತ್ತರು. ಗಡ್ಡೆ ಕೀಳುವಂತೆ ಆ ಕಡೆ ಈ ಕಡೆ ಅಲ್ಲಾಡಿಸಿದರು. ಇಮಾಮಬೀಯ ಸಲಹೆಯಂತೆ ಕುತ್ತಿಗೆಯ ಸುತ್ತ ಕುಸುಬೆ ಎಣ್ಣೆ ಹೊಯ್ದರು. ಎಣ್ಣೆ ಸಲೀಸಾಗಿ ಕೆಳಗೆ ಹೋಯಿತು, ನಾನು ಮಾತ್ರ ಅಲ್ಲೇ ಇದ್ದೆ. ಜೋಳದ ಹೊಟ್ಟು ಹಾರಿ ಬಂದು ಎಣ್ಣೆಗೆ ಮೆತ್ತಿಕೊಂಡಿತು. ಇಷ್ಟರಲ್ಲಿ ಹೊರಗೆ ಟಾಂಗಾದ ಸದ್ದು, ಪೇಶ್ಕಾರರ ನಗು!

ಮಧ್ಯಾಹ್ನ ಬರಬೇಕಾದವರು ಹತ್ತು ಗಂಟೆಗೇ ಬಂದಿದ್ದರು. ಬಿಸಿಲು ನೆತ್ತಿಗೆ ಬಂದರೆ ಮುಖ ಕಪ್ಪಾಗುತ್ತದೆಂದು ಫೋಟೋಗ್ರಾಫರ ಕಾಶೀರಾಮ ಎಲ್ಲರನ್ನೂ ಅವಸರ ಮಾಡಿ ಎಬ್ಬಿಸಿಕೊಂಡು ಬಂದಿದ್ದ.

"ಮುಚ್ಚು! ನನ್ನ ಮುಚ್ಚು!" ಎಂದು ಪಿಸುಗುಟ್ಟಿದೆ.

ಪುತಳಾಬಾಯಿ ಕೈಗೆ ಸಿಕ್ಕ ಬುಟ್ಟಿಯನ್ನು ನನ್ನ ತಲೆಯ ಮೇಲೆ ಬೋರಲು ಹಾಕಿದಳು. ಬುಟ್ಟಿಯ ಸಂದಿನಿಂದ ಬೂಟುಗಳ ಮೆರವಣಿಗೆ ಕಂಡಿತು.

"ದತ್ತಾತ್ರಿ ಎಲ್ಲಿ?" ತಹಸೀಲ್ದಾರರ ದನಿ.

"ಮನ್ಯಾಗೇ ಅದಾರ್ರಿ," ಎಂದಳು ಪುತಳಾಬಾಯಿ. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. "ಜರಾ ಕೆಳಗ ಅದಾರ."

ಕಾಶೀರಾಮ ತನ್ನ ಕ್ಯಾಮೆರಾದ ಗಾಜಿನ ಫಲಕಗಳ ಪೆಟ್ಟಿಗೆ ಇಡಲು ಜಾಗ ಹುಡುಕುತ್ತಿದ್ದ. ಅಂಗಳದಲ್ಲಿ ಬೋರಲು ಬಿದ್ದ ಬುಟ್ಟಿಗಿಂತ ಒಳ್ಳೆಯ ಪೀಠ ಯಾವುದು? ಧಪ್ಪೆಂದು ಇಟ್ಟ. ಬುಟ್ಟಿಯ ತಳ ನನ್ನ ನೆತ್ತಿಗೆ ಇಳಿಯಿತು. ಅದರ ಜೊತೆ ಜೋಳದ ದೂಳು ಮೂಗಿಗೆ ಇಳಿಯಿತು.

"ಆ... ಆ... ಆಕ್ಷೀ!"

"ಬುಟ್ಟಿ ಸೀನ್ತು!" ಎಂದು ಕಾಶೀರಾಮ ಪೆಟ್ಟಿಗೆ ಕಸಿದುಕೊಂಡು ಹಿಂದೆ ಹಾರಿದ. ಹತ್ತು ಹೆಜ್ಜೆ ಇರಬಹುದು. ಎಣಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಪೇಶ್ಕಾರರು ಬೆತ್ತದ ತುದಿಯಿಂದ ಬುಟ್ಟಿ ಎತ್ತಿದರು.

ಸಾಹೇಬರು ನಿಂತಿದ್ದಾರೆ, ಸಲಾಮು ಮಾಡಲು ಕೈಯಿಲ್ಲ! ಕಣ್ಣು ಮುಚ್ಚಿ ತೆಗೆದು ಅದನ್ನೇ ಸಲಾಮೆಂದುಕೊಂಡೆ. "ನಮಸ್ಕಾರ್ರಿ ಸಾಹೇಬರ. ಬರ್ರಿ. ಕೂಡ್ರಿ."

ತಹಸೀಲ್ದಾರರು ಬಗ್ಗಿ ನನ್ನನ್ನು ನೋಡಿದರು. "ಗಿರ್ದಾವರ ಜಮೀನು ತಪಾಸ ಮಾಡಬೇಕು ಖರೇ ದತ್ತಾತ್ರಿ. ಇಷ್ಟ ಆಳಕ್ಕ ಇಳದು ಮಾಡಬೇಕಂತ ಯಾವ ಕಾಯದಾದಾಗೂ ಇಲ್ಲ."

"ಸಾಹೇಬ, ದತ್ತಾತ್ರಿಗಿ ಮೂರು ತಲಿ ಅಂತಾರ," ಎಂದರು ಪೇಶ್ಕಾರರು. "ಒಂದು ಸಿಕ್ಕದ. ಉಳದ ಎರಡು ಕೆಳಗ ಹುಡುಕಬೇಕು."

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ ನಾಲ್ವರು ಸೇರಿ ಎಳೆದರು. ನಾನು ಹಲ್ಲು ಕಚ್ಚಿ ಉಸಿರು ಹಿಡಿದೆ. ಅಲ್ಲಾಡಲಿಲ್ಲ. ಮತ್ತೆ ಎಳೆದರು. ಪಕ್ಕೆಲುಬಿನಲ್ಲಿ ಏನೋ ಚುರ್ರೆಂದಿತು. ಯಾರೋ ಹಾರೆ ತಂದು ಹಗೇವಿನ ಬಾಯಿ ಒಡೆಯೋಣವೆಂದರು. ಇನ್ಯಾರೋ ಒಡೆದರೆ ಕಲ್ಲು ಮಣ್ಣೆಲ್ಲ ಅವನ ಮೇಲೇ ಕುಸಿದೀತು ಎಂದರು. ನಗು ನಿಂತಿತ್ತು. ಬಿಸಿಲು ಏರುತ್ತಿತ್ತು. ಉಸಿರು ಗಿಡ್ಡವಾಗುತ್ತ ಬಂತು. ಎಳೆದುಕೊಂಡಷ್ಟೂ ಕಲ್ಲು ಬಿಗಿಯಾಗುತ್ತಿತ್ತು. ಪುತಳಾಬಾಯಿ ನನ್ನ ಮುಖದ ಬೆವರು ಒರೆಸಿದಳು. ಒರೆಸುತ್ತ ಮನೆದೇವರಿಗೆ ಹರಕೆ ಹೊತ್ತಳು. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ನನಗಾಗಿ ಹರಕೆ ಹೊತ್ತದ್ದನ್ನು ನಾನು ಕಂಡಿರಲಿಲ್ಲ. ಆಗ ನನಗೆ ನಿಜವಾದ ಹೆದರಿಕೆ ಹೊಕ್ಕಿತು. ಅದು ಫೋಟೋದ ಹೆದರಿಕೆಯಾಗಿರಲಿಲ್ಲ.

ಪೇಶ್ಕಾರ ಮುಜೀಬೋದ್ದೀನ ಸಾಹೇಬರು ಪಾನು ಉಗುಳಿ ಬಂದರು. ಜೋಡು ಬಿಚ್ಚಿದರು. ಬಿಳಿಯ ಪಾಯಿಜಾಮದಲ್ಲೇ ಮಣ್ಣಿನ ಮೇಲೆ ನನ್ನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ದನಿ ತಗ್ಗಿಸಿ, ನನಗಷ್ಟೇ ಹೇಳುವಂತೆ ಹೇಳಿದರು:

"ದತ್ತಾತ್ರಿ, ನನ್ನ ಕಡಿ ನೋಡು. ಪೊಲೀಸ ಆ್ಯಕ್ಷನ್ ಆದ ವಾರ, ನಮ್ಮ ಮುಸಲ್ಮಾನ ಮಂದೀನ ಹುಡುಕಿ ಕೊಲ್ಲೂವಾಗ, ನಾ ಎಲ್ಲಿದ್ದೆ ಗೊತ್ತದೇನು? ಮೆಹಕರದಾಗ, ನಿಮ್ಮ ಹೊಲದ ಹಗೇವಿನ್ಯಾಗ. ನಾ, ನನ್ನ ಹೆಂಡತಿ, ಮಗಳು. ಎರಡು ದಿನಾ ನಿಮ್ಮಪ್ಪ ಧೊಂಡಿಬಾ ನಮ್ಮನ್ನ ಒಳಗಿಟ್ಟು, ಮ್ಯಾಲ ಬಾಯಿ ಹತ್ರ ಕುರಿ ನಿಲ್ಲಿಸಿ, ತಾ ಕಾಕೋತ ಕುಂತಿದ್ದ."

ಅಪ್ಪ ಈ ಮಾತನ್ನು ನನಗೆ ಎಂದೂ ಹೇಳಿರಲಿಲ್ಲ. ಪೇಶ್ಕಾರರೂ ಐದು ವರ್ಷ ನನ್ನ ಎದುರಿನ ಮೇಜಿನಲ್ಲೇ ಕೂತು ಹೇಳಿರಲಿಲ್ಲ.

"ಹೊರಗ ಬರ್ರಿ ಅಂತ ಅಂವ ಕರದಾಗ ನಾನೂ ಹಿಂಗೇ ಬಾಯಾಗ ಸಿಕ್ಕಿದ್ದೆ. ಹೆದರಿ ಉಸರ ಹಿಡದಿದ್ದೆ ನೋಡು. ಆಗ ನಿಮ್ಮಪ್ಪ ಏನಂದ? 'ಸಾಹೇಬ, ಉಸರ ಬಿಡ್ರಿ. ಹೊರಗ ಯಾರೂ ಇಲ್ಲ. ನಾನೇ ಇದ್ದೇನಿ.'"

ಅವರು ನನ್ನ ಎಣ್ಣೆ ಹತ್ತಿದ ತಲೆಯ ಮೇಲೆ ಕೈ ಇಟ್ಟರು.

"ಉಸರ ಬಿಡು ಬೇಟಾ."

ಬಿಟ್ಟೆ. ಮೂರು ತಿಂಗಳು ಕನ್ನಡಿಯ ಮುಂದೆ ಕೂಡಿಟ್ಟ ಉಸಿರನ್ನೆಲ್ಲ ಬಿಟ್ಟೆ. ಎದೆ ಇಳಿಯಿತು, ಭುಜ ಇಳಿಯಿತು. ಕಲ್ಲಿಗೂ ನನಗೂ ನಡುವೆ ಎರಡು ಬೆರಳು ಸಂದಿ ಬಿತ್ತು.

"ಹಾಂ! ಹಂಗೇ ಇರ್ರಿ!" ಪುತಳಾಬಾಯಿ ಸೆರಗು ಸಿಕ್ಕಿಸಿಕೊಂಡು ಮಂಡಿಯೂರಿದಳು. ಅವಳೂ ಕುರಿಗಾರರ ಮಗಳೇ. ಸಂದಿಯಲ್ಲಿ ಕೈ ತೂರಿಸಿದಳು. "ಮರಿ ಅಡ್ಡ ಸಿಕ್ಕಾಗ ಎಳೀಬಾರ್ದು. ಮೊದಲ ಒಂದ ಕಾಲು, ಆಮ್ಯಾಲ ಓರಿ ಮಾಡಿ ಭುಜಾ. ರೀ, ಎಡಗೈ ಮೈಗೆ ಹಚ್ಚಿ ಸಾವಕಾಶ ಮ್ಯಾಲ ತರ್ರಿ. ನೋವಾದ್ರ ಒದರ್ರಿ, ಉಸರ ಮಾತ್ರ ಹಿಡೀಬ್ಯಾಡ್ರಿ."

ಒದರಿದೆ. ಭಾಲ್ಕಿಯ ಅರ್ಧ ಊರಿಗೆ ಕೇಳಿಸುವಂತೆ ಒದರಿದೆ. ಎಡಗೈ ಹೊರಗೆ ಬಂತು. ಅವಳು ಭುಜ ಹಿಡಿದು ತಿರುವಿದಳು, ಕಂಕುಳಿಗೆ ಹಗ್ಗ ಸಿಕ್ಕಿಸಿ ಎಳೆದಳು, ಪೇಶ್ಕಾರರು ಕತ್ತು ಹಿಡಿದರು. ಎಣ್ಣೆಯೂ ಕೊನೆಗೆ ಕೆಲಸಕ್ಕೆ ಬಂತು. ಸರ್ರನೆ ಜಾರಿ ಬೇವಿನ ನೆರಳಿಗೆ ಬಂದು ಬಿದ್ದೆ. ಮೈಯೆಲ್ಲ ಎಣ್ಣೆ, ಹೊಟ್ಟು, ಕೆಂಪು ಗೀರು, ಅಳು ಮುಖ.

ಇಮಾಮಬೀ ಬಗ್ಗಿ ನೋಡಿ ಘೋಷಿಸಿದಳು: "ಗಂಡ ಕೂಸು!"

ತಹಸೀಲ್ದಾರರು ಬೇವಿನ ಬೊಡ್ಡೆಗೆ ಕೈ ಕೊಟ್ಟು ನಕ್ಕ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾನು ಶೇರವಾನಿ ತೊಡಲು ಒಳಗೆ ಓಡಬೇಕೆಂದರೆ ಅವರು ಬಿಡಲಿಲ್ಲ.

"ಬ್ಯಾಡ, ಹಿಂಗೇ ನಿಲ್ಲು. ಅಮ್ಮಾ, ನೀವೂ ಬರ್ರಿ."

"ನಾ ಯಾಕ್ರಿ? ನಾ ಕಚೇರಿಯಾಕಿ ಅಲ್ಲ."

"ಇವತ್ತ ಕಚೇರಿ ಕೆಲಸಾ ಮಾಡಿದವರು ನೀವೊಬ್ರೇ," ಎಂದರು ಸಾಹೇಬರು.

ಹೀಗೆ ಭಾಲ್ಕಿ ಕಚೇರಿಯ ಆ ವರ್ಷದ ಗ್ರೂಪ್ ಫೋಟೋದಲ್ಲಿ ನಡುವೆ ಹಗ್ಗ ಹಿಡಿದ ಒಬ್ಬ ಹೆಂಗಸು ನಿಂತಿದ್ದಾಳೆ. ಪಕ್ಕದಲ್ಲಿ ಹರಕು ಬನಿಯನ್ನಿನ ಒಬ್ಬ ಪ್ರಾಣಿ. ಎದೆಯುಬ್ಬಿಸೋಣವೆಂದರೆ ಪಕ್ಕೆಲುಬು ಚುಚ್ಚುತ್ತಿತ್ತು, ಆದ್ದರಿಂದ ಸುಮ್ಮನೆ ಉಸಿರಾಡುತ್ತ ನಿಂತಿದ್ದೆ. ಎಲ್ಲರೂ ನಗುತ್ತಿದ್ದುದರಿಂದ ಮುಖಗಳು ಒಂದಿಷ್ಟು ಅಲ್ಲಾಡಿವೆ. ಜೋಳವನ್ನು ಇಮಾಮಬೀ ಬೀಸಿಕೊಟ್ಟಳು. ಊಟ ಎರಡು ಗಂಟೆಗಾಯಿತು. ಪೇಶ್ಕಾರರು ನನ್ನ ಪಕ್ಕದಲ್ಲೇ ಕೂತು, ರೊಟ್ಟಿ ಮುರಿದು ನನ್ನ ತಾಟಿಗೆ ಹಾಕುತ್ತಿದ್ದರು. ನನ್ನ ಕೈ ಬಾಯಿಯವರೆಗೆ ಏಳುತ್ತಿದ್ದುದೇ ಹೆಚ್ಚು.

ಕೈತೊಳೆಯುವಾಗ ಸಾಹೇಬರು ಹೇಳಿದರು: "ಶಿಫಾರಸು ಬರೀತೇನಿ. ಆದ್ರ ಸರ್ಕಲದ ಹಳ್ಳಿಗೆಲ್ಲ ನಡದೇ ಅಡ್ಡಾಡಬೇಕು. ಬಂಡಿ ಗಿಂಡಿ ಇಲ್ಲ."

ಜೂನಿನಲ್ಲಿ ನನಗೆ 'ಗಿರ್ದಾವರ, ಔರಾದ ತಾಲೂಕಿನ ಠಾಣಾ ಕುಶನೂರ' ಎಂಬ ಹುಕುಂ ಬಂತು. ಕೆಲಸಕ್ಕೆ ಹಾಜರಾಗುವ ಮೊದಲು ಮೆಹಕರಕ್ಕೆ ಹೋಗಿ ಅಪ್ಪನ ಜೊತೆ ಒಂದು ದಿನ ಕುರಿಗಳ ಹಿಂದೆ ನಡೆದೆ. ಎಪ್ಪತ್ತರ ಮುದುಕ ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಪೇಶ್ಕಾರರು ಹೇಳಿದ್ದು ಖರೆಯೇ ಎಂದು ಕೇಳಿದೆ.

"ಅದೇನ ದೊಡ್ಡ ಮಾತು," ಎಂದ ಅಪ್ಪ. "ಮಳಿ ಬರ್ಲಕತ್ತದ, ಕಾಲ ತಗಿ." ಹಳ್ಳವನ್ನು ಒಂದೇ ನೆಗೆತಕ್ಕೆ ದಾಟಿ ಹೋದ. ನಾನು ಹಳ್ಳದ ನಡುವೆ ಬಿದ್ದೆ.

ಠಾಣಾ ಕುಶನೂರಿನಲ್ಲಿ ನನ್ನ ಮೈಗೆ ಎರಡನೆಯ ಸಾಲೆ ಶುರುವಾಯಿತು. ಮೊದಲ ವಾರ ಕಾಲುಗಳು ನನ್ನ ಮೇಲಿನ ಹಳೆಯ ಸೇಡೆಲ್ಲ ತೀರಿಸಿಕೊಂಡವು. ಆಮೇಲೆ ಒಂದೊಂದೇ ಕೀಲು ಬಾಯಿ ಬಿಟ್ಟಿತು. ಎರೆಮಣ್ಣಿನ ಬಿರುಕುಗಳ ಮೇಲೆ ಪಾದ ತಾನೇ ಜಾಗ ಹುಡುಕಿಕೊಳ್ಳುವುದು, ಮುಳ್ಳುಬೇಲಿಯ ಕೆಳಗೆ ಹೊಟ್ಟೆ ಎಳೆದುಕೊಂಡು ತೆವಳುವುದು, ಬದು ಕಾಣದಿದ್ದರೆ ಮರ ಹತ್ತಿ ನೋಡುವುದು, ರೈತರ ಜೊತೆ ಕುಕ್ಕರಗಾಲಿನಲ್ಲಿ ಕೂತು ಒಂದು ತಾಸು ಜಗಳ ಕೇಳುವುದು! ಎಷ್ಟು ಬಗೆಯ ಚಲನೆ ಈ ಒಂದೇ ಮೈಯಲ್ಲಿ ಇತ್ತು! ಒಂದು ದಿನ ಯಾರ ಕಣ್ಣೂ ಇಲ್ಲವೆಂದು ಖಾತರಿಮಾಡಿಕೊಂಡು, ತೊಗರಿ ಹೊಲದ ಬದುವಿನ ಮೇಲಿಂದ ಹುಲ್ಲಿನ ಇಳಿಜಾರಿನಲ್ಲಿ ಸುಮ್ಮನೆ ಉರುಳಿದೆ. ಬಹಳ ಚೆನ್ನಾಗಿತ್ತು, ಆದ್ದರಿಂದ ಮತ್ತೆ ಮೇಲೆ ಹೋಗಿ ಇನ್ನೊಮ್ಮೆ ಉರುಳಿದೆ.

ಪುತಳಾಬಾಯಿ ಬಿಡುವಿದ್ದಾಗ ನನ್ನ ಜೊತೆ ಬರುತ್ತಿದ್ದಳು. ಬೀಳುವುದು ಹೇಗೆಂದು ಅವಳೇ ಕಲಿಸಿದಳು; ಗಟ್ಟಿಯಾಗಬಾರದಂತೆ, ನೆಲ ಕರೆದ ಕಡೆ ಹೋಗಬೇಕಂತೆ. ಎದೆ ಮಾತ್ರ ಮೂರೇ ತಿಂಗಳಿನಲ್ಲಿ ತನ್ನ ಹಳೆಯ ಅಳತೆಗೆ ಮರಳಿತು. ಅದು ಹೋದದ್ದು ನನಗೆ ಗೊತ್ತೂ ಆಗಲಿಲ್ಲ.

ಮರುವರ್ಷ ಒಂದು ಸಂಜೆ, ಹತ್ತು ಮೈಲಿ ನಡೆದು ಬಂದು, ಕಟ್ಟೆಯ ಮೇಲೆ ಹಾರಿ ಕೂತು, ನನ್ನ ಹಳೆಯ ಚಾಳಿಯಂತೆ ಮತ್ತೆ ಬಾಯಿಬಿಟ್ಟೆ.

"ಪುತಳಾ! ಈಗ ಈ ಮೈಗಿ ಬರದ ಕಸರತ್ತು ಲೋಕದಾಗ ಇಲ್ಲ. ಹತ್ತತೇನಿ, ಜಿಗೀತೇನಿ, ತೆವಳತೇನಿ, ಉಳ್ಳತೇನಿ, ಛಂದಂಗಿ ಬೀಳತೇನಿ. ನನ್ನ ಕೈಲಿ ಆಗದ್ದು ಒಂದರೆ ಹೇಳು ನೋಡೋಣ!"

ಅವಳು ಬಿಡಿಸುತ್ತಿದ್ದ ಅವರೆಕಾಯಿ ಪಕ್ಕಕ್ಕಿಟ್ಟು, ನಿಜಕ್ಕೂ ಯೋಚನೆ ಮಾಡಿದಳು.

"ಒಂದದ."

"ಏನದು? ಈಗ್ಲೇ ಮಾಡಿ ತೋರಸ್ತೇನಿ."

"ಭಾಳ ಸಣ್ಣದು. ಕುತ್ತಿಗಿ ಹಿಂಗ ಮುಂದಕ ಬಗ್ಗಬೇಕು, ಮತ್ತ ಮ್ಯಾಲ ಬರಬೇಕು. ಬಗ್ಗೂವಾಗ ಬಾಯಿಲೆ 'ಹೂಂ ಪುತಳಾ, ನೀ ಅಂದದ್ದೇ ಖರೇ' ಅನಬೇಕು. ಮದಿವಿ ಆಗಿ ಹನ್ನೆರಡ ವರ್ಷಾತು, ಇನಾ ಒಂದ ಸಲಾನೂ ಮಾಡಿದ್ದು ನೋಡಿಲ್ಲ ನಾ."

ಗಿರ್ದಾವರ ದತ್ತಾತ್ರಿಯವರು ಉಸಿರು ಬಿಟ್ಟರು. ಕುತ್ತಿಗೆ ನಿಧಾನವಾಗಿ ಮುಂದಕ್ಕೆ ಬಗ್ಗಿಸಿದರು. ಎಷ್ಟು ವರ್ಷದಿಂದ ಜಂಗು ಹಿಡಿದಿತ್ತೋ ಏನೋ, ಲಟಕ್ಕೆಂದು ಸದ್ದಾಯಿತು!

"ನಿಲ್ಲಿಸಬ್ಯಾಡ್ರಿ," ಎಂದಳು ಪುತಳಾಬಾಯಿ, ಮತ್ತೆ ಅವರೆಕಾಯಿ ಎತ್ತಿಕೊಳ್ಳುತ್ತ. "ದಿನಾ ಮುಂಜಾನಿ ನೂರು, ಸಂಜಿಕ ನೂರು."